ಬಂತು ಅನ್ನಿ

"ಬಿಡಯ್ಯ," ಎಂದರು ಸಾಹೇಬರು, ನಗುಮುಖ ಕೆಡಿಸಿಕೊಳ್ಳದೆ. ಫೋಟೋದವನು ಆಗಲೇ ಎರಡು ಸಲ ಬೆಳಕು ಹೊಡೆದಿದ್ದ. ಸನ್ಮಾನದ ಹಿತ್ತಾಳೆ ಫಲಕದ ಒಂದು ಅಂಚು ಅವರ ಕೈಯಲ್ಲಿ, ಇನ್ನೊಂದು ಅಂಚು ಮುದಿ ಸಿಪಾಯಿಯ ಕೈಯಲ್ಲಿ.

"ಬಂತು ಅನ್ನಿ ಸಾಹೇಬ್ರೇ, ಬಿಡ್ತೀನಿ."

"ಏನು?"

"ಬಂತು ಅನ್ನಿ."

ಸಭೆಯಲ್ಲಿ ಯಾರೋ ನಕ್ಕರು.

ಯುದ್ಧದ ಕಾಲದಲ್ಲಿ ಮದ್ದಿನ ಉಗ್ರಾಣದಿಂದ ಲಾರಿಯವರೆಗೆ ಸಾಲಾಗಿ ನಿಂತು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸುವುದು ಸಿಪಾಯಿಯ ತುಕಡಿಯ ಕೆಲಸವಾಗಿತ್ತು. ತೆಗೆದುಕೊಳ್ಳುವವನು 'ಬಂತು' ಎನ್ನುವವರೆಗೆ ಕೊಡುವವನು ಬಿಡಬಾರದು. ಬೆವರಿ ಜಾರುವ ಕೈಗಳಿಗೆ ಆ ಒಂದು ಮಾತೇ ಕಾವಲು. ಸಿಪಾಯಿಯ ಪಕ್ಕದಲ್ಲಿ ನಿಲ್ಲುತ್ತಿದ್ದವನು ಗುಬ್ಬಿ. ಆಳು ಅಷ್ಟು ಚಿಕ್ಕವನು. ಸಣ್ಣ ಪೆಟ್ಟಿಗೆ ಬಂದರೆ, "ಬಂತು, ಹೆಣ್ಣು ಮಗು!" ಎನ್ನುವನು. ಭಾರದ್ದಾದರೆ, "ಬಂತು, ಗಂಡು! ಅಪ್ಪನ ಹಾಗೇ ದಡಿಯ!" ಸಾಲೆಲ್ಲ ನಗುತ್ತಿತ್ತು, ಕೈ ಮಾತ್ರ ತಪ್ಪುತ್ತಿರಲಿಲ್ಲ.

ಒಂದು ದಿನ, ಆಗ ತುಕಡಿಯ ಅಧಿಕಾರಿಯಾಗಿದ್ದ ಈ ಸಾಹೇಬರಿಗೆ ಆತುರ. "ಇದೇನು ಹೆರಿಗೆ ಆಸ್ಪತ್ರೆನಾ? ಎಲ್ಲಾ ಬಾಯಿ ಮುಚ್ಚಿ. ಬರೀ ಕೈ ಆಡಲಿ!" ಎಂದರು. ಮಾತು ನಿಂತಿತು, ಪೆಟ್ಟಿಗೆಗಳು ಓಡಿದವು. ಮದ್ದು ಹೊತ್ತಿಸುವ ಡಿಟೋನೇಟರುಗಳ ಪೆಟ್ಟಿಗೆಯೊಂದು ಗುಬ್ಬಿಗೂ ಅವನ ಮುಂದಿನವನಿಗೂ ನಡುವೆ ಜಾರಿತು. ಹಿಡಿಯಲು ಬಗ್ಗಿದವನು ಗುಬ್ಬಿ. ಅದು ಅವನ ಎದೆಯಡಿಯಲ್ಲೇ ಸಿಡಿಯಿತು. ಅವನ ಬೆನ್ನಿನ ಮರೆಯಲ್ಲಿದ್ದ ಸಿಪಾಯಿ ಒಂದು ಕಿವಿ ಕಳೆದುಕೊಂಡು ಉಳಿದ.

ಸತ್ತವನ ಅಜಾಗರೂಕತೆ ಎಂದು ಸಾಹೇಬರು ವಿಚಾರಣೆಯಲ್ಲಿ ಹೇಳಿದರು. ಸಿಪಾಯಿಯನ್ನು ಯಾರೂ ಕೇಳಲಿಲ್ಲ. ದೇವರು ನೋಡಿದ್ದಾನೆ ಎಂದುಕೊಂಡು ಅವನು ಇಷ್ಟು ವರ್ಷ ನುಂಗಿಕೊಂಡ. ಇಂದು ಸತ್ತ ಸಿಪಾಯಿಗಳ ಹೆಸರು ಕೆತ್ತಿದ ಸ್ಮಾರಕದ ಪರದೆ ಸರಿಸುತ್ತಾರೆಂದು ಗುಬ್ಬಿಯ ಹೆಂಡತಿಯನ್ನು ಅವನೇ ಕರೆತಂದಿದ್ದ. ಆಕೆ ಹೆಸರುಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು; ಮತ್ತೆ ಕೆಳಗಿನಿಂದ ಮೇಲಕ್ಕೆ. ಗುಬ್ಬಿಯದು ಇರಲಿಲ್ಲ. ಅಷ್ಟರಲ್ಲಿ, ಹಿರಿಯ ಸೈನಿಕನೆಂದು, ಸಾಹೇಬರಿಗೆ ಫಲಕ ಕೊಡಲು ಸಿಪಾಯಿಯನ್ನೇ ವೇದಿಕೆಗೆ ಕರೆದಿದ್ದರು.

"ಗುಬ್ಬಿ ಹೆಸರೆಲ್ಲಿ?" ಎಂದ ಸಿಪಾಯಿ, ಈಗ ಫಲಕದ ಅಂಚು ಬಿಡದೆ. ಕಿವುಡನ ಪಿಸುಮಾತು ಜೋರೇ, ಮೈಕು ಅದನ್ನು ಸಭೆಗೆಲ್ಲ ಹಂಚಿತು.

"ಅದು ಮುಗಿದ ವಿಚಾರ. ಅವನ ತಪ್ಪಿಗೆ ನಾವು..."

"ಅವನ ತಪ್ಪಾ? ಆವತ್ತು ನಮ್ಮ ಬಾಯಿ ಮುಚ್ಚಿಸಿದ್ರಿ. ಇವತ್ತು ನಿಮ್ಮ ಬಾಯಿಗೇನು ಬಡಿದಿದೆ? ಹೇಳಿ! ಇಷ್ಟು ಜನ ಇದಾರೆ, ನಿಮ್ಮ ಬಾಯಿಂದಲೇ ಹೇಳಿ!"

ನಿರೂಪಕಿ ಗಾಬರಿಯಿಂದ ಚಪ್ಪಾಳೆಗೆ ಸನ್ನೆ ಮಾಡಿದಳು. ಆ ಸದ್ದಿನಲ್ಲಿ ಸಾಹೇಬರು ಮೆಲ್ಲಗೆ ಎರಡೂ ಕೈ ತೆಗೆದು ಕೋಟಿನ ಜೇಬಿಗೆ ಸೇರಿಸಿದರು. ಹಿತ್ತಾಳೆಯ ಭಾರವೆಲ್ಲ ಸಿಪಾಯಿಯ ಮುಂಗೈಗೆ ಬಿತ್ತು.

ಗುಬ್ಬಿಯ ಹೆಂಡತಿ ಮೆಟ್ಟಿಲ ಬಳಿ ಬಂದು ನಿಂತಿದ್ದಳು.

"ಬಾ ಅಣ್ಣ. ಅದನ್ನ ಅಲ್ಲೇ ಇಟ್ಟು ಬಾ."

ಇಡಲು ಅವನು ಸುತ್ತ ನೋಡಿದ. ಮೇಜಿನ ತುಂಬ ಹಾರಗಳು, ನೀರಿನ ಬಾಟಲಿಗಳು. ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.