ಬೀಗತಿಯ ಅಂಗಳದಲ್ಲಿ ಒಲೆ

“ಅಂವಗ ಆ ಕಷಾಯ ಕುಡಿಸಬ್ಯಾಡ, ಭಾಗಪ್ಪಣ್ಣ!”

ಮಾಳಮ್ಮ ಕಮಲಾಪುರದ ಬೀಗತಿ ದುಂಡಮ್ಮನ ಅಂಗಳಕ್ಕೆ ಕಾಲಿಟ್ಟಾಗ, ಮದ್ದು ತೆಗೆಯುವ ಭಾಗಪ್ಪ ಅಳಿಯ ನೀಲಕಂಠನ ಬಾಯಿಗೆ ಬಟ್ಟಲು ಹಿಡಿದಿದ್ದ. ಅದನ್ನು ಕುಡಿದು ವಾಂತಿಯಾದರೆ ಹೊಟ್ಟೆಯೊಳಗಿನ ಕೈಮದ್ದು ಹೊರಬೀಳುತ್ತದಂತೆ! ಮಾಳಮ್ಮನ ಹಿಂದೆ ಮಗಳು ನೀಲಗಂಗಮ್ಮ ಬಟ್ಟೆಗಂಟು ಹಿಡಿದು ನಿಂತಿದ್ದಳು. ಹದಿನೈದು ದಿನದ ಹಿಂದೆ ಅದೇ ಗಂಟಿನೊಡನೆ ಅವಳನ್ನು ತವರಿಗೆ ಅಟ್ಟಿದ್ದರು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕನೇ ವರ್ಷ ಅದು. ಕಲಬುರಗಿಯಲ್ಲಿ ಅತ್ತೆ ಮಾಳಮ್ಮನ ಮನೆಯಲ್ಲಿ ಉಂಡಾಗಲೆಲ್ಲ ನೀಲಕಂಠನ ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತಿತ್ತು. ಗಂಡುಮಕ್ಕಳಿಲ್ಲದ ವಿಧವೆ ಅವನನ್ನು ಮನೆಯಳಿಯ ಮಾಡಿಕೊಳ್ಳಲು ಊಟದಲ್ಲಿ ಮದ್ದು ಹಾಕಿದ್ದಾಳೆಂದು ದುಂಡಮ್ಮ ಊರೆಲ್ಲ ಸಾರಿದಳು. ಆ ಮಾತು ಕಲಬುರಗಿಯ ದವಸದ ಪೇಟೆಯಾದ ಗಂಜಿಗೂ ಮುಟ್ಟಿತು. ಅಲ್ಲಿದ್ದ ಮಾಳಮ್ಮನ ಖಾನಾವಳಿಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು.

“ಬಂದಳು ನೋಡ್ರಿ ಮಾಟಗಾತಿ!” ಎಂದಳು ದುಂಡಮ್ಮ.

“ಬಂದೀನಿ. ಹೋಗೂದೂ ಇಲ್ಲ. ರಜಾಕಾರರು ಬಾಗಿಲಿಗಿ ಬಂದಾಗೂ ನಾ ಒಲಿ ಆರಿಸಲಿಲ್ಲ, ನಿನ್ನ ಮಾತಿಗಿ ಆರಿಸ್ತೀನೇನು? ಇಂವ ಅಳಿಯ ಆಗೂಕಿಂತ ಮೊದಲ, ಗಂಜಿಗಿ ತೊಗರಿ ತಂದಾಗೆಲ್ಲ ನನ್ನ ಖಾನಾವಳ್ಯಾಗೇ ಉಂಡಾನ. ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ. ಆವಾಗ ಯಾಕ ಉಬ್ಬಲಿಲ್ಲ?”

ಭಾಗಪ್ಪ ಬಟ್ಟಲು ಕೆಳಗಿಳಿಸಿದ.

“ಅಳಿಯ ಅಂತ ಮರ್ಯಾದಿ ಮಾಡಾಕ ಹೋಗಿ ನಾ ಹೆಚ್ಚಿಗಿ ಕೊಟ್ಟದ್ದು ಹಾಲು ಒಂದೇ. ಶಾವಿಗಿ ಖೀರು, ಮಲಗೂ ಮುಂದ ಕೆನಿಹಾಲು. ನಿಮ್ಮ ಎಮ್ಮಿ ಹೋದ ಮ್ಯಾಲ ಈ ಮನ್ಯಾಗ ಹಾಲು ಕಂಡೋರು ಯಾರ? ಬಿಟ್ಟುಹೋದ ಹಾಲು ಈಗ ಇವನ ಹೊಟ್ಟಿಗಿ ಒಗ್ಗೂದಿಲ್ಲ.”

“ಹಾಲು ಒಗ್ಗೂದಿಲ್ಲಂತ! ನಾ ಹಾಲು ಕುಡಿಸೇ ಬೆಳಸೀನಿ ಅವನ್ನ!” ದುಂಡಮ್ಮ ನಕ್ಕಳು. ಬಾಗಿಲಲ್ಲಿ ಸೇರಿದ್ದ ಓಣಿಯವರೂ ನಕ್ಕರು.

“ಹಂಗಾರ ನೋಡೇಬಿಡೂಣು. ಮೂರು ದಿನ ಇದೇ ಅಂಗಳದಾಗ, ಎಲ್ಲಾರ ಕಣ್ಣಮುಂದ ನಾ ಅಡಗಿ ಮಾಡ್ತೀನಿ. ಇಂವ ಉಣಲಿ. ನಾಕನೇ ದಿನ ನೀನೇ ಹಾಲು ಕುಡಿಸು. ನನ್ನ ರೊಟ್ಟಿಗಿ ಹೊಟ್ಟಿ ಉಬ್ಬಿದ್ರ ಮಗಳನ್ನ ಕರಕೊಂಡು ಹೋಗಿಬಿಡ್ತೀನಿ.”

“ಯವ್ವಾ...” ನೀಲಗಂಗಮ್ಮ ತಾಯಿಯ ಸೆರಗು ಜಗ್ಗಿದಳು. ಮಾಳಮ್ಮನಿಗೂ ಗೊತ್ತಿತ್ತು, ಲೆಕ್ಕ ತಪ್ಪಿದರೆ ಮಗಳ ಬಾಳು ಅಲ್ಲಿಗೇ ಮುಗಿಯಿತು. ಆದರೂ ಹಿಂದೆ ಸರಿಯಲಿಲ್ಲ. ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು.

ಮೂರು ದಿನವೂ ಅಂಗಳದಲ್ಲಿ ರೊಟ್ಟಿ ಬಡಿಯುವ ಸದ್ದು. ದುಂಡಮ್ಮ ಆ ಒಲೆಯ ಒಂದು ತುತ್ತನ್ನೂ ಮುಟ್ಟಲಿಲ್ಲ. ಒಳಗೆ ತಾನೇ ನುಚ್ಚು ಬೇಯಿಸಿಕೊಂಡು, ಕಿಟಕಿಯಿಂದ ಮಗನ ಹೊಟ್ಟೆಯನ್ನೇ ಕಾದಳು. ನೀಲಕಂಠನೋ “ಅತ್ತಿ, ಇನ್ನೊಂದು ಹಾಕ್ರಿ” ಎನ್ನುತ್ತ ಉಂಡ. ಹೊಟ್ಟೆ ಮಿಸುಕಲಿಲ್ಲ.

ನಾಲ್ಕನೇ ದಿನ ದುಂಡಮ್ಮ ನೆರೆಮನೆಯಿಂದ ಹಾಲು ತಂದು, ತಾನೇ ಕಾಸಿ, ಸಕ್ಕರೆ ಹಾಕಿ ಕೊಟ್ಟಳು. ಲೋಟದಲ್ಲಿ ಎರಡು ಗುಟುಕು ಬಿಟ್ಟು ನೀಲಕಂಠ ಉಳಿದದ್ದನ್ನು ಕುಡಿದ. ಹೊತ್ತು ಇಳಿಯುವುದರೊಳಗೆ ಧೋತರದ ಗಂಟು ಸಡಿಲಿಸಿ, ಕಟ್ಟೆಯ ಮೇಲೆ ನರಳುತ್ತ ಹೊರಳಾಡಿದ. ಹೊಟ್ಟೆಯ ಗುಡುಗುಡು ಓಣಿಗೆಲ್ಲ ಕೇಳಿಸಿತು. ನೋಡಲು ಬಂದಿದ್ದ ಭಾಗಪ್ಪ ಬಟ್ಟಲು ಚೀಲಕ್ಕೆ ಸೇರಿಸಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

“ಇವತ್ತ ಮದ್ದು ಯಾರು ಹಾಕಿದ್ರು, ಬೀಗತಿ?”

ಮಾಳಮ್ಮ ಲೋಟದಲ್ಲಿ ಉಳಿದಿದ್ದ ಹಾಲನ್ನು ಎಲ್ಲರೆದುರು ಕುಡಿದು ಬಾಯಿ ಒರೆಸಿಕೊಂಡಳು. ನೀಲಗಂಗಮ್ಮ ಗಂಟಿಗೆ ಕೈಹಾಕಿದಾಗ ತಡೆದಳು.

“ಬಿಡು. ಹೊರಗ ಹಾಕಿದೋರೇ ಒಳಗ ಒಯ್ಯಲಿ.”

ದುಂಡಮ್ಮ ಎದ್ದು, ಸೊಸೆಯ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಊಟದ ಖಾಲಿ ತಾಟಿತ್ತು. ಅದನ್ನು ಒಲೆಯ ಪಕ್ಕ ಇಟ್ಟು ಕುಳಿತಳು.

ಮಾಳಮ್ಮ ಹಿಟ್ಟು ಮಿದಿಯತೊಡಗಿದಳು.