ನಿದ್ದೆಗಣ್ಣಿನ ಓದು

ಬೇಕರಿಯವನ ಪಾಲಿಗೆ ಮಧ್ಯಾಹ್ನ ಎಂದರೆ ಬೇರೆಯವರ ನಡುರಾತ್ರಿ. ಬೆಳಕು ಹರಿಯುವ ಮುಂಚೆ ಎದ್ದು ಹೋಗಿ, ಹಿಟ್ಟು ನಾದಿ, ಭಟ್ಟಿಯ ಮುಂದೆ ಬ್ರೆಡ್ಡಿನ ಜೊತೆ ತಾನೂ ಬೆಂದು, ಮಗಳನ್ನು ಶಾಲೆಯಿಂದ ಕರೆದುಕೊಂಡು ಮನೆ ಸೇರುತ್ತಿದ್ದ. ನಿಂತಲ್ಲಿ ನಿಲ್ಲುವ ಮಗುವಲ್ಲ ಅದು. ಹಾಗಾಗಿ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಬುಗುರಿ. ಊಟ ಮುಗಿದದ್ದೇ ತಡ, ಬುಗುರಿ ಆಮೆಯ ಪುಸ್ತಕ ಹಿಡಿದು ಅಪ್ಪನ ತೋಳಿನೊಳಗೆ ನುಸುಳುತ್ತಿದ್ದಳು. ಇಡೀ ದಿನದಲ್ಲಿ ಅಪ್ಪ ಮಗಳಿಗೆ ಸಿಗುತ್ತಿದ್ದ ಹೊತ್ತು ಅದೊಂದೇ. ಕಿಟಕಿಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅವನ ಅಂಗಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಏಳುತ್ತಿತ್ತು. ಅವನು ಓದುತ್ತಿದ್ದ, ಅವಳು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

ಅಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಒಂದು ದಿನ ಅಂಗಡಿಗೆ ರಜೆ ಇದ್ದದ್ದರಿಂದ ಪುಸ್ತಕ ಅವಳ ಕೈಗೆ ಬಂತು. ಆಮೆ ದೀಪ ಹೊತ್ತು ಹೊಳೆ ದಾಟಿತು. ಅಜ್ಜಿಯ ಬಾಗಿಲು ತಟ್ಟಿತು. ಅಜ್ಜಿ ಬಾಗಿಲು ತೆಗೆದಳು. ಕತೆ ಮುಗಿಯಿತು.

"ತಪ್ಪು ಓದ್ತಿದ್ದೀಯ ಅಮ್ಮಾ," ಬುಗುರಿ ಮುಖ ಊದಿಸಿದಳು. "ಹೊಳೆ ಉಬ್ಬಿದ್ದೆಲ್ಲಿ? ಆಮೆ ಚಿಪ್ಪು ಕೆಂಪಗೆ ಬೆಂದಿದ್ದೆಲ್ಲಿ? 'ಬಾಗಿಲು ತೆಗೀಬೇಡಿ, ಇನ್ನೂ ಉಬ್ಬಬೇಕು' ಅಂತ ಅಜ್ಜಿ ಒಳಗಿಂದ ಕೂಗ್ತಾಳಲ್ಲ, ಅದೆಲ್ಲಿ?"

ಅಮ್ಮ ಪುಟ ಹಿಂದೆ ಮುಂದೆ ತಿರುವಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

ಬೇಕರಿಯವನು ಮಿಕಮಿಕ ನೋಡಿದ. ಭಟ್ಟಿಯ ಮುಂದೆ ಕೆಲಸದ ಹುಡುಗರಿಗೆ ತಾನು ದಿನಾ ಕೂಗುವ ಮಾತು ಅದು! ಮಗಳು ಒಳಗೆ ಹೋದ ಮೇಲೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ರೀ, ನೀವು ಎರಡನೇ ಪುಟಕ್ಕೇ ಗೊರಕೆ ಅಂದ್ಕೊಂಡಿದ್ದೆ. ನಿದ್ದೇಲೂ ಓದ್ತೀರಾ?"

ಅವನಿಗೆ ನಗು ಬರಲಿಲ್ಲ. ಶಾಲೆಯಲ್ಲಿ ಮಗಳಿಗೆ ಆಗಲೇ ಅಕ್ಷರ ಕೂಡಿಸಿ ಓದುವುದನ್ನು ಕಲಿಸುತ್ತಿದ್ದರು. ಇಂದಲ್ಲ ನಾಳೆ ಅವಳೇ ಓದಿಕೊಳ್ಳುತ್ತಾಳೆ. ಅಪ್ಪ ಇಷ್ಟು ದಿನ ಬುರುಡೆ ಬಿಟ್ಟದ್ದು ಗೊತ್ತಾಗುತ್ತದೆ. ಆಮೇಲೆ ಈ ತೋಳಿನೊಳಗೆ ಅವಳು ಯಾಕೆ ಬರಬೇಕು?

ಮರುದಿನದಿಂದ ಅವನು ಹಟ ಹಿಡಿದ. ಮುಖಕ್ಕೆ ತಣ್ಣೀರು ಎರಚಿಕೊಂಡ, ಗೋಡೆಗೆ ಒರಗದೆ ನೆಟ್ಟಗೆ ಕೂತ, ಕಪ್ಪು ಕಾಫಿ ಕುಡಿದ. ರೆಪ್ಪೆಗೆ ರೆಪ್ಪೆ ಅಂಟದಂತೆ ಒಂದಕ್ಷರವೂ ಬಿಡದೆ ಓದಿದ. ಬುಗುರಿ ಒಂದಷ್ಟು ದಿನ ಸಹಿಸಿಕೊಂಡಳು. ಕೊನೆಗೆ ಅವನ ಹಣೆ ಮುಟ್ಟಿ ನೋಡಿದಳು.

"ಅಪ್ಪಾ, ನಿಂಗೆ ಓದೋದು ಮರೆತುಹೋಯ್ತಾ?"

ಪಾಪ, ಭಟ್ಟಿಯ ಬಿಸಿಯನ್ನು ವರ್ಷಗಟ್ಟಲೆ ತಡೆದುಕೊಂಡವನಿಗೆ ಆ ಮಾತು ತಡೆಯಲಾಗಲಿಲ್ಲ. ನೀರು ಕುಡಿಯುವ ನೆಪ ಮಾಡಿ ಎದ್ದುಹೋದ.

ಅವನು ಹೆದರಿದ್ದ ದಿನ ಬಂದೇ ಬಂತು. "ಇವತ್ತು ನಾನು ಓದ್ತೀನಿ, ನೀನು ಕೇಳು," ಎಂದು ಬುಗುರಿ ಪುಸ್ತಕವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬೆರಳಿಟ್ಟು, ತಡವರಿಸಿ, ಒತ್ತಕ್ಷರ ಬಂದಲ್ಲಿ ಉಸಿರು ಕಟ್ಟಿ ಹೊಳೆಯನ್ನು ದಾಟಿದಳು. ಹೊಳೆ ಉಬ್ಬಲಿಲ್ಲ. ಬೇಕರಿಯವನು ಅವಳ ಬೆರಳನ್ನೇ ನೋಡುತ್ತಿದ್ದ.

"ಅ-ಜ್ಜಿ ಬಾಗಿಲು ತೆ-ಗೆ-ದ-ಳು."

ಬುಗುರಿ ಪುಟದ ಹಿಂದೆ ಇಣುಕಿದಳು, ಕೊನೆಯ ರಟ್ಟನ್ನೂ ಬಿಡದೆ ನೋಡಿದಳು. ಆಮೇಲೆ ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟಳು.

"ಅಪ್ಪಾ, ಪಾಪ, ಇದನ್ನ ಬರೆದೋರಿಗೆ ನಿದ್ದೆ ಬಂದಿರ್ಲಿಲ್ಲ ಅನ್ಸತ್ತೆ."

ಅವಳು ಆಗಲೇ ದಿಂಬು ತಟ್ಟಿ ಸರಿಮಾಡುತ್ತಿದ್ದಳು.

"ನೀನು ಮಲಕ್ಕೋ. ನಿದ್ದೆ ಬರೋವರ್ಗೂ ನಾನು ಓದ್ತೀನಿ. ಬಂದ್ಮೇಲೆ ನೀನು ಓದು."

ಅವನು ಮಲಗಿದ. ಎಂಥ ವಿಚಿತ್ರ ನೋಡಿ, ದಿನಾ ಕೇಳದೆ ಬಂದು ಮೇಲೆ ಬೀಳುವ ನಿದ್ದೆ ಇಂದು ಸಂತೋಷಕ್ಕೆ ಹತ್ತಿರವೇ ಸುಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಬಿದ್ದಿದ್ದ. ಪರದೆ ಉಬ್ಬಿತು, ಇಳಿಯಿತು. ಬೀದಿಯಲ್ಲಿ ಒಂದು ಸೈಕಲ್ಲಿನ ಗಂಟೆ ಕೇಳಿಸಿ ದೂರವಾಯಿತು. ಬುಗುರಿ ಮತ್ತೆ ಮೊದಲಿನಿಂದ ಶುರು ಮಾಡಿದ್ದಳು. ಆಮೆ ದೀಪ ಹೊತ್ತುಕೊಂಡಿತು, ನೀರಿಗೆ ಇಳಿಯಿತು. ಅಕ್ಷರಗಳ ನಡುವಿನ ಅಂತರ ಹೆಚ್ಚಿತು, ದನಿ ತೆಳುವಾಯಿತು, ಪುಟ್ಟ ತಲೆಯೊಂದು ಅವನ ಎದೆಗೆ ಒರಗಿತು. ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಓದು ಮಾತ್ರ ನಿಲ್ಲಲಿಲ್ಲ.

"ಹೊಳೆ ಬೆಚ್ಚಗಾಯ್ತು... ಆಮೆ ಇವತ್ತು ಕತ್ತಲಲ್ಲಿ ಕೆಲಸಕ್ಕೆ ಹೋಗ್ಲಿಲ್ಲ... ಬೆಳಿಗ್ಗೆ ಮಗಳು ಎದ್ದಾಗ ಪಕ್ಕದಲ್ಲೇ ಇತ್ತು..."

ಬೇಕರಿಯವನು ಉಸಿರನ್ನೂ ಮೆಲ್ಲಗೆ ಬಿಟ್ಟ. ಇಷ್ಟು ದಿನ ಈ ಕತೆ ಓದಿದವನು ಅವನೇ ಆದರೂ ಕೇಳಿಸಿಕೊಂಡದ್ದು ಇದೇ ಮೊದಲು.

ಹೊರಗೆ ಹೆಂಡತಿಯ ಚಪ್ಪಲಿಯ ಸದ್ದಾಯಿತು, ಚಿಲಕ ಅಲುಗಿತು.

"ಬಾಗಿಲು ತೆಗೀಬೇಡ ಕಣೇ," ಅವನು ಪಿಸುಗುಟ್ಟಿದ. "ಇನ್ನೂ ಸ್ವಲ್ಪ ಹೊತ್ತು."