ಬಾಲವಿದ್ದ ಪಾಂಡವ

ನಾನು ಒಂದು ತಟ್ಟೆ. ಊಟದ ತಟ್ಟೆಯಲ್ಲ, ಪೂಜೆಯ ತಟ್ಟೆಯೂ ಅಲ್ಲ. ಪೂಜೆಯ ವಿಷಯ ಆಮೇಲೆ ಬರುತ್ತದೆ, ತಾಳಿ. ಅಂಗೈಗಿಂತ ಚಿಕ್ಕವನು, ದುಂಡಗಿದ್ದೇನೆ, ಬಣ್ಣ ಕೆಂಪು, ಬಿಸ್ಕತ್ತಿನಷ್ಟು ದಪ್ಪ. ಹಿಂದೆ ಹತ್ತು ಮೊಳ ಉದ್ದದ ಕಪ್ಪು ತಂತಿ ಇದೆ. ಅದು ನನ್ನ ಬಾಲ. ನನಗೆ ಬಾಯಿಲ್ಲ, ಹೇಳಬೇಕಾದದ್ದನ್ನೆಲ್ಲ ಬಾಲದಿಂದಲೇ ಹೇಳುತ್ತೇನೆ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಕಾಯಿಸಿದರು, ಆರಿಸಿದರು, ಸುಳ್ಳು ಹೇಳುತ್ತೇನೋ ಎಂದು ಏಳು ಸಲ ಪರೀಕ್ಷಿಸಿದರು. ಕೊನೆಗೆ ಸತ್ಯವಂತನೆಂದು ಒಂದು ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿದರು. ನನ್ನ ಕಸುಬು ಮಣ್ಣಿನೊಳಗೆ ಮಲಗುವುದು. ಹಗಲು ಬಿಸಿಲಿನ ಕಾವು ಎಷ್ಟು ನೆಲದೊಳಗೆ ಇಳಿಯಿತು, ರಾತ್ರಿ ಎಷ್ಟು ಮೇಲೆ ಬಂತು ಎಂದು ಹೇಳುವುದು. ಮಲಗಿ ಮಾಡುವ ಕೆಲಸ ಎಂದು ನಗಬೇಡಿ. ನಿಮ್ಮ ಕಚೇರಿಗಳಲ್ಲೂ ಅದನ್ನು ಮಾಡುವವರಿದ್ದಾರೆ, ಅವರಿಗೆ ಚೀಟಿ ಮಾತ್ರ ಇಲ್ಲ.

ನನ್ನನ್ನು ವಿಜಯಪುರದ ಕಡೆ, ಡೋಣಿ ನದಿ ಸಾಲಿನ ಒಂದು ಬಿಳಿಜೋಳದ ಹೊಲಕ್ಕೆ ತಂದವರು ಡಾಕ್ಟರ್ ವತ್ಸಲಾ ಹುಲ್ಲೂರ. ಅವರು ಔಷಧ ಕೊಡುವ ಡಾಕ್ಟರಲ್ಲ. ನೆಲಕ್ಕೂ ಗಾಳಿಗೂ ನಡೆಯುವ ಕೊಡುಕೊಳ್ಳುವಿಕೆಯನ್ನು ಅಳೆಯುವವರು. ಎರೆ ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ನನ್ನನ್ನು ಹೂತು, ಪಕ್ಕದಲ್ಲಿ ಎರಡಾಳೆತ್ತರದ ಕಬ್ಬಿಣದ ಕಂಬ ನೆಟ್ಟರು. ಕಂಬದ ತುದಿಯಲ್ಲಿ ಇಬ್ಬರು ಮಹಾಶಯರು ಕೂತರು. ಒಬ್ಬ ಗಾಳಿ ಅಳೆಯುವವನು, ಇನ್ನೊಬ್ಬ ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಎಣಿಸುವವನು. ಸೆಕೆಂಡಿಗೆ ಹತ್ತು ಸಲ ಅಳೆಯುತ್ತೇವೆಂದು ಅವರಿಗೆ ಬಹಳ ಜಂಬ. ನೋಡಲು ಬಂದವರೆಲ್ಲ ಕತ್ತೆತ್ತಿ ಅವರ ಫೋಟೋ ತೆಗೆಯುತ್ತಿದ್ದರು. ಹಾಗೆ ತೆಗೆಯುವಾಗ ನಿಲ್ಲುತ್ತಿದ್ದುದು ನನ್ನ ಎದೆಯ ಮೇಲೆ.

ಹೊಲದ ಒಡತಿ ಸಾವಂತ್ರವ್ವ. ಮೊದಲ ದಿನವೇ ಕೇಳಿದಳು.

“ಬಾಯಾರ, ಈ ಕಂಬ ಏನ್ ಮಾಡ್ತೈತ್ರಿ?”

“ಜೋಳ ಎಷ್ಟು ಉಸಿರಾಡ್ತೈತಿ ಅಂತ ಲೆಕ್ಕ ಇಡ್ತೈತಿ ಸಾವಂತ್ರಕ್ಕ.”

“ಮತ್ತ ನಾ ಉಸಿರಾಡಿದ್ದು?”

“ಹತ್ತಿರ ನಿಂತ್ರ ಅದೂ ಲೆಕ್ಕಕ್ಕ ಬೀಳ್ತೈತಿ.”

ಅಂದಿನಿಂದ ಸಾವಂತ್ರವ್ವ ಕಂಬದ ಪಕ್ಕ ಹಾಯುವಾಗಲೆಲ್ಲ ಸೆರಗಿನಿಂದ ಮೂಗು ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ಓಡತೊಡಗಿದಳು. ಬದುವಿಗೆ ಮುಟ್ಟಿ ‘ಹುಸ್ಸ್’ ಎಂದು ಬಿಡುತ್ತಿದ್ದಳು. ಅಷ್ಟೆಲ್ಲ ಬೇಕಿಲ್ಲವೆಂದು ಡಾಕ್ಟರು ಹೇಳಿದರು. “ನಿಮ್ಮ ಲೆಕ್ಕ ನಮ್ಮಿಂದ ಕೆಡಬಾರದ್ರಿ” ಎಂದಳು ಸಾವಂತ್ರವ್ವ. ನನಗೆ ಆ ಹೆಂಗಸಿನ ಮೇಲೆ ಅಂದೇ ಪ್ರೀತಿ ಹುಟ್ಟಿತು.

ಆದರೆ ಲೆಕ್ಕ ಕೆಟ್ಟೇ ಇತ್ತು. ಸೂರ್ಯ ಹೊಲಕ್ಕೆ ನೂರು ಪಾಲು ಕೊಟ್ಟರೆ, ಗಾಳಿ ಬಿಸಿಯಾಗಿದ್ದು, ನೀರು ಆವಿಯಾಗಿದ್ದು, ನೆಲಕ್ಕಿಳಿದದ್ದು ಎಲ್ಲ ಕೂಡಿಸಿದರೂ ಎಂಬತ್ತೇ ಆಗುತ್ತಿತ್ತು. ಐದರಲ್ಲೊಂದು ಪಾಲು ಮಾಯ. ಡಾಕ್ಟರು ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಫೋನಿನಲ್ಲಿ ಮಾತಾಡುವಾಗ ಅವರ ಹಿರಿಯರಾದ ಪಟ್ಟಣಶೆಟ್ಟಿ ಸರ್ ದನಿ ನನಗೂ ಕೇಳುತ್ತಿತ್ತು. “ಉಳಿದ ಇಪ್ಪತ್ತು ಯಾರ ಮನಿಗೆ ಹೋತವ್ವಾ? ಮುಂದಿನ ತಿಂಗಳು ಸಮಿತಿ ಬರ್ತದ. ಇದಕ್ಕ ಉತ್ತರ ಇಲ್ಲಂದ್ರ ಕಂಬ ಕೀಳು ಅಂತಾರ ನೋಡು.” ಡಾಕ್ಟರು ಫೋನಿಟ್ಟು ಅಂಕಿಗಳನ್ನೆಲ್ಲ ಮೊದಲಿನಿಂದ ಕೂಡಿಸತೊಡಗಿದರು. ಕಂಬ ನೆಟ್ಟು ನಾಲ್ಕು ತಿಂಗಳೂ ಆಗಿರಲಿಲ್ಲ, ಅದರ ಹಿಂದೆ ಮೂರು ವರ್ಷದ ದುಡಿಮೆಯಿತ್ತು.

ಈಗ ನನ್ನ ತಪ್ಪೊಪ್ಪಿಗೆ. ಆ ಕಳವಿನಲ್ಲಿ ನನ್ನದೂ ಪಾಲಿತ್ತು. ಉಪಕರಣಗಳಿಗೆ ಪೆಟ್ಟಾದೀತೆಂದು ಡಾಕ್ಟರು ಕಂಬದ ಸುತ್ತ ನಾಲ್ಕು ಹೆಜ್ಜೆ ಯಾರೂ ಎಡೆ ಹೊಡೆಯಬಾರದು, ಅಂದರೆ ಸಾಲಿನ ನಡುವಿನ ಮಣ್ಣು ಸಡಿಲಿಸಬಾರದು, ಎಂದಿದ್ದರು. ಹೊಲದಲ್ಲೆಲ್ಲ ಎಡೆಕುಂಟೆ ಆಡಿ ಮಣ್ಣು ಪುಡಿಪುಡಿಯಾಗಿತ್ತು. ನನ್ನ ಜಾಗದಲ್ಲಿ ಮಾತ್ರ ಚಳಿಗಾಲದ ಒಣ ಗಾಳಿಗೆ ಎರೆ ಮಣ್ಣು ಬಾಯಿ ಬಿಟ್ಟಿತು. ಆ ಬಿರುಕಿನಲ್ಲಿ ನಾನು ಅರ್ಧ ಜಾರಿ ಓರೆಯಾಗಿ ನೇತಾಡುತ್ತಿದ್ದೆ. ಮೈಗೆ ಮಣ್ಣೇ ತಾಗದಿದ್ದರೆ ಮಣ್ಣಿನ ಕಾವು ತಿಳಿಯುವುದು ಹೇಗೆ? ತೋಚಿದಷ್ಟು ಹೇಳುತ್ತಿದ್ದೆ. ಸತ್ಯವಂತನೆಂಬ ಚೀಟಿ ನೆನಪಾಗಿ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಆ ದಿನ ಆ ಕಡೆಯವರು ಮನೆಮಂದಿಯೆಲ್ಲ ಹೊಲಕ್ಕೆ ಬಂದು, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಬೆಳೆಯ ನಡುವೆ ಕೂರಿಸಿ, ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಿ ಉಣ್ಣುತ್ತಾರೆ. ಸಾವಂತ್ರವ್ವನ ಮನೆಯಿಂದ ಹನ್ನೆರಡು ಜನ ಬಂದರು. ಸಜ್ಜೆ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಬುಟ್ಟಿ ತುಂಬ ರೊಟ್ಟಿ. ಬದುವಿನ ಬನ್ನಿ ಗಿಡದ ಬುಡದಲ್ಲಿ ಹೋದ ವರ್ಷದ ಕಲ್ಲು ಎಣಿಸಿದರೆ ನಾಲ್ಕೇ.

“ಒಬ್ಬಾಂವ ಎಲ್ಲಿ ಹೋದ?” ಎಂದಳು ಸಾವಂತ್ರವ್ವ. ಎರೆ ಹೊಲದಲ್ಲಿ ಇನ್ನೊಂದು ಕಲ್ಲು ಹುಡುಕುವುದು ಸುಲಭವಲ್ಲ. ಹುಡುಕುತ್ತ, ಉಸಿರು ಹಿಡಿದು ಕಂಬದ ಬಳಿ ಬಂದವಳಿಗೆ ಬಿರುಕಿನೊಳಗಿಂದ ನನ್ನ ಕೆಂಪು ಅಂಚು ಕಂಡಿತು. ಕೈ ಹಾಕಿ ಎಳೆದೇಬಿಟ್ಟಳು.

“ನೋಡ್ರಿ, ಕುಂಕುಮ ಹಚ್ಚಿಕೊಂಡೇ ಹುಟ್ಟ್ಯಾನ!”

ಗಂಡ ಚನಮಲ್ಲಪ್ಪ ನನ್ನನ್ನು ತಿರುಗಿಸಿ ನೋಡಿದ. “ಏ ಹುಚ್ಚಿ, ಬಾಲ ಐತಿ. ಬಾಲ ಇದ್ದಾಂವ ಪಾಂಡವ ಹೆಂಗಾದಾನು?”

“ಭೀಮನ ಅಣ್ಣ ಹನುಮಪ್ಪ ಅಲ್ಲೇನ್ರಿ? ಅಣ್ಣಗ ಬಾಲ ಇದ್ದ ಮ್ಯಾಲ ತಮ್ಮಗ ಇದ್ರ ತಪ್ಪೇನು?”

ಚನಮಲ್ಲಪ್ಪ ಸುಣ್ಣ ಕಲಸಲು ಹೋದ. ಬಾಲದ ತುದಿ ಕಂಬಕ್ಕೆ ಕಟ್ಟಿದ್ದು ನಾನು ಎಳೆದಷ್ಟು ದೂರ ಬರಲಿಲ್ಲವಾದ್ದರಿಂದ ಉಳಿದ ನಾಲ್ವರು ಪಾಂಡವರೇ ನಾನಿದ್ದಲ್ಲಿಗೆ ಬಂದರು. ಜನ್ಮದಲ್ಲಿ ಮೊದಲ ಬಾರಿಗೆ ಯಾರೋ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಸುಣ್ಣ ಬಳಿದರು, ಭಂಡಾರ ಹಚ್ಚಿದರು, ಮೂಗಿನ ಬುಡದಲ್ಲೇ ಕರ್ಪೂರ ಹಚ್ಚಿದರು. ಮೇಲೆ ನಡುಹಗಲ ಬಿಸಿಲು. ನಾನು ಗಾಬರಿಯಿಂದ ಬಾಯಿಗೆ ಬಂದ, ಅಂದರೆ ಬಾಲಕ್ಕೆ ಬಂದ ಅಂಕಿಯನ್ನೆಲ್ಲ ಕಿರುಚಿದೆ. ಸಾವಂತ್ರವ್ವ ಎಲ್ಲರನ್ನೂ ಕಂಬದಿಂದ ದೂರ ಊಟಕ್ಕೆ ಕೂರಿಸಿದಳೇನೋ ನಿಜ, ಆದರೆ ಗಾಳಿ ಅವರ ಕಡೆಯಿಂದಲೇ ಬೀಸುತ್ತಿತ್ತು. ಹನ್ನೆರಡು ಜನರ ಉಸಿರು, ಜೊತೆಗೆ ಕರ್ಪೂರದ ಹೊಗೆ. ಮೇಲಿನ ಮಹಾಶಯನ ಎಣಿಕೆ ತಪ್ಪಿ ಅವನೂ ಕಿರುಚಿದ.

ವಿಜಯಪುರದ ಕಚೇರಿಯಲ್ಲಿ ಕಂಪ್ಯೂಟರ್ ನೋಡುತ್ತಿದ್ದ ಡಾಕ್ಟರಿಗೆ ಹೊಲದಿಂದ ಕಾವೂ ಇಂಗಾಲವೂ ಒಟ್ಟಿಗೆ ಏರಿದ್ದು ಕಂಡಿತು. ಫೋನ್ ಮಾಡಿದರೆ ಎತ್ತುವವರಿಲ್ಲ, ಎಲ್ಲರ ಕೈಯೂ ಎಂಜಲು. ಒಂದು ಗಂಟೆಯೊಳಗೆ ಜೀಪು ಬಂದು ನಿಂತಿತು. ಕಚೇರಿ ಗೋಡೆಯ ಬೆಂಕಿ ನಂದಿಸುವ ಸಿಲಿಂಡರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಡಾಕ್ಟರು ಏದುಸಿರು ಬಿಡುತ್ತ ಓಡಿಬಂದರು.

“ಬಾಯಾರ, ಉಸಿರು ಹಿಡೀರಿ!” ಸಾವಂತ್ರವ್ವ ಕೂಗಿದಳು. “ಕಂಬ ಅಲ್ಲೇ ಐತಿ!”

“ಬೆಳಿಗೆ ಬೆಂಕಿ ಬಿತ್ತು ಅಂತ…” ಎನ್ನುತ್ತಿದ್ದ ಡಾಕ್ಟರ ಕಣ್ಣು ನನ್ನ ಮೇಲೆ ಬಿತ್ತು. ಸಿಲಿಂಡರ್ ಕೈಜಾರಿತು. “ಸಾವಂತ್ರಕ್ಕ, ಏನ್ ಮಾಡಿದ್ರಿ ಇದು! ಮೂರು ವರ್ಷ… ನನ್ನ ಕಂಬ ಕಿತ್ತುಹಾಕ್ತಾರ ಇನ್ನ.” ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಸಾವಂತ್ರವ್ವ ಕಂಗಾಲಾದಳು. “ನಮ್ಮ ಐದನೇ ಕಲ್ಲ ಸಿಗಲಿಲ್ರಿ. ಪಾಂಡವರು ನಾಕ ಮಂದಿ ಹೆಂಗ ಕೂಡಬೇಕು?”

ಕಣ್ಣೊರೆಸಿಕೊಳ್ಳುತ್ತಿದ್ದ ಡಾಕ್ಟರು ನಿಧಾನವಾಗಿ ಕಂಬದ ಬುಡಕ್ಕೆ ನೋಡಿದರು. ಅಲ್ಲಿನ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಗಾಳಿಗೆ ಹಾರದಿರಲೆಂದು ಅವರೇ ಒಂದು ಕಲ್ಲು ಹೇರಿದ್ದರು. ಬದುವಿನ ಮೇಲೆ ಸಿಕ್ಕ ಒಳ್ಳೆಯ ಚಪ್ಪಟೆ ಕಲ್ಲು. ಅದರ ಅಂಚಿಗೆ ಹಳೆಯ ಸುಣ್ಣ ಇನ್ನೂ ಇತ್ತು.

ಡಾಕ್ಟರು ಅದನ್ನೆತ್ತಿ ಸಾವಂತ್ರವ್ವನ ಕೈಗಿಟ್ಟರು. ಮೊದಲು ನಕ್ಕವನು ಚನಮಲ್ಲಪ್ಪ. “ನಾಲ್ಕು ತಿಂಗಳಿಂದ ಸಹದೇವನ್ನ ಕಾವಲಿಗೆ ಕೂರಿಸ್ಯಾರಲ್ಲೋ!”

ಹೀಗೆ ಕಲ್ಲು ಬನ್ನಿ ಗಿಡದ ಕಡೆಯವರಿಗೆ, ನಾನು ಡಾಕ್ಟರಿಗೆ ಮರಳಿದೆವು. ನನ್ನನ್ನು ಒರೆಸಿ ಮತ್ತೆ ಹೂಳಲು ಹೋದಾಗ ಸಾವಂತ್ರವ್ವ ತಡೆದಳು. “ತಪ್ಪು ತಿಳಕೋಬ್ಯಾಡ್ರಿ ಬಾಯಾರ. ಹೊಲ ತುಂಬ ಎಡಿ ಹೊಡದೀವಿ, ನೀವು ಬ್ಯಾಡಂದಲ್ಲಿ ಅಷ್ಟೇ ಬಿರುಕು ಬಿಟ್ಟೈತಿ. ಈ ನಾಕ ಹೆಜ್ಜಿ ನೋಡಿ ಹೊಲದ ಸುದ್ದಿ ಹೆಂಗ ಗೊತ್ತಾಕ್ಕೈತಿ?”

ಡಾಕ್ಟರು ಅವಳನ್ನೇ ನೋಡಿದರು. ಮಣ್ಣು ಕೆದಕುವ ಚಿಕ್ಕ ಕುರ್ಚಿಗೆಯನ್ನು ಅವಳ ಕೈಗೆ ಕೊಟ್ಟರು. ಸಾವಂತ್ರವ್ವ ಬಿರುಕಿಗೆ ಹುಡಿಮಣ್ಣು ತುಂಬಿ, ತಟ್ಟಿ, ಕೂಸಿಗೆ ಹೊದಿಸಿದಂತೆ ನನ್ನ ಮೇಲೂ ಕೆಳಗೂ ಮಣ್ಣು ಒತ್ತಿದಳು. ಆ ದಿನದಿಂದ ನಾನು ಸುಳ್ಳು ಹೇಳಿಲ್ಲ.

ಮಾಯವಾಗಿದ್ದ ಇಪ್ಪತ್ತು ಹನ್ನೆರಡಕ್ಕಿಳಿಯಿತು. ಪೂರ್ತಿ ಸಿಗಲಿಲ್ಲ, ಬೇರೆಯವರ ಹೊಲಗಳಲ್ಲೂ ಪೂರ್ತಿ ಸಿಗುವುದು ಅಪರೂಪವಂತೆ. ಒಂದು ದಿನದ ಅಂಕಿ ಕೆಟ್ಟದ್ದೇಕೆ ಎಂಬಲ್ಲಿ ಡಾಕ್ಟರು ಮರೆಮಾಚದೆ ‘ಉಪಕರಣ ಪೂಜೆಯಲ್ಲಿತ್ತು’ ಎಂದು ಬರೆದರು. ಹನ್ನೆರಡಕ್ಕೆ ಇಳಿದದ್ದು ಹೇಗೆ ಎಂಬಲ್ಲಿ ಸಾವಂತ್ರವ್ವನ ಹೆಸರು ಬರೆದರು. ಸಮಿತಿಯ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿ, ನಕ್ಕು, ಇನ್ನೂ ಮೂರು ವರ್ಷ ಕಂಬ ಇರಲಿ ಎಂದು ಸಹಿ ಹಾಕಿದರು.

ಆ ಮೂರೂ ವರ್ಷ ಮುಗಿಯುವ ಹೊತ್ತಿಗೆ ನನಗೆ ವಯಸ್ಸಾಯಿತು. ತೇವ ಒಳಸೇರಿ ಅಂಕಿ ತೊದಲತೊಡಗಿತು. ಹೋದ ಅಮಾವಾಸ್ಯೆಯ ದಿನ ಡಾಕ್ಟರು ಹೊಸ ತಟ್ಟೆಯೊಂದನ್ನು ಹೂತು, ನನ್ನ ಬಾಲ ಕತ್ತರಿಸಿ, ಗುಜರಿ ಚೀಲಕ್ಕೆ ಹಾಕಲು ಹೊರಟರು. ಸಾವಂತ್ರವ್ವ ಕೈ ಚಾಚಿದಳು.

“ನಮಗ ಕೊಡ್ರಿ.”

“ನಿಮ್ಮ ಐದೂ ಮಂದಿ ಅದಾರಲ್ಲ ಸಾವಂತ್ರಕ್ಕ?”

“ಅದಾರ. ಕುಂತವ್ವಗ ಇನ್ನೊಬ್ಬ ಮಗ ಇದ್ದನಲ್ರೀ, ಯಾರೂ ಲೆಕ್ಕಕ್ಕ ಹಿಡೀಲಾರದಾಂವ. ಸೂರ್ಯನ ಮಗ.”

ಡಾಕ್ಟರು ನನ್ನನ್ನು ಒರೆಸಿ ಅವಳ ಅಂಗೈಯಲ್ಲಿಟ್ಟರು.

ಈಗ ಬನ್ನಿ ಗಿಡದ ಬುಡದಲ್ಲಿ ಐವರು ಕಲ್ಲುತಮ್ಮಂದಿರ ಪಕ್ಕ ನನ್ನ ವಾಸ. ಬಾಲವಿಲ್ಲ, ಅಂಕಿ ಕೇಳುವವರಿಲ್ಲ. ಆದರೂ ನಡುಹಗಲಲ್ಲಿ ಬಿಸಿಲು ಮೈಗೆ ತಾಗಿದಾಗ ಎಷ್ಟು ಬಂತೆಂದು ಎಣಿಸಿಕೊಳ್ಳುತ್ತೇನೆ. ದೂರದಲ್ಲಿ ಸಾವಂತ್ರವ್ವ ಸೆರಗು ಬಾಯಿಗೆ ಹಿಡಿದು ಕಂಬ ದಾಟಿ ಓಡಿಬರುತ್ತಾಳೆ. ನನ್ನ ಹತ್ತಿರ ಬಂದ ಮೇಲೆಯೇ ಅವಳು ಉಸಿರು ಬಿಡುವುದು.